ಸಿಸ್ಟರ್, ನಿಮ್ಮ ಸಂಬಳ ಎಷ್ಟು?

ಕೆಲಸ ಹುಡುಕುತ್ತಿರುವ ನಮ್ಮಂಥವರು ಯಾರೇ ಸಿಕ್ಕರೂ ಕೇಳುವುದು ಎರಡೇ ಪ್ರಶ್ನೆ: ಸಂಬಳ ಎಷ್ಟು? ಪೋಸ್ಟಿಂಗ್ ಎಲ್ಲಿ? ಈ ಎರಡಕ್ಕೂ ಹೆಚ್ಚು ತಲೆಕೆಡಿಸಿಕೊಳ್ಳದ ನಾಲ್ವರು ಹೆಂಗಸರ ಜೊತೆ ನಾನು ಹನ್ನೊಂದು ತಿಂಗಳು ಇದ್ದೆ.

ಅರಸೀಕೆರೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಹುಡುಗಿಯರ ಹಾಸ್ಟೆಲ್ ಅದು. ನಾನು ಹಳೇಬೀಡಿನ ಕಡೆಯವಳು, ಬಿ.ಇಡಿ ಮುಗಿಸಿ ಟಿಇಟಿಗೆ ಓದಲು ಬಂದಿದ್ದೆ. ಜಂಕ್ಷನ್ ಊರು, ರಾತ್ರಿಯಿಡೀ ರೈಲಿನ ಸದ್ದು. ಅದಕ್ಕೆ ವಾರದಲ್ಲೇ ಹೊಂದಿಕೊಂಡೆ. ಬೆಳಗಿನ ಐದಕ್ಕೆ ಬಾರಿಸುವ ಗಂಟೆಗೆ ಹೊಂದಿಕೊಳ್ಳಲು ಮಾತ್ರ ತಿಂಗಳೇ ಬೇಕಾಯಿತು.

ಗಂಟೆ ನಮಗಲ್ಲ, ಸಿಸ್ಟರ್‌ಗಳಿಗೆ. ಅರ್ಧ ಗಂಟೆಯಲ್ಲಿ ನಾಲ್ವರೂ ಪ್ರಾರ್ಥನಾಲಯದಲ್ಲಿ. ಒಂದಿಷ್ಟು ಹೊತ್ತು ಮೌನ ಧ್ಯಾನ, ಆಮೇಲೆ ಕೀರ್ತನೆಗಳು. ಇಬ್ಬರು ಈ ಕಡೆ, ಇಬ್ಬರು ಆ ಕಡೆ ಕೂತು, ಒಂದು ಚರಣ ಇವರು, ಮುಂದಿನದು ಅವರು. ಬೈಬಲಿನ ಕೀರ್ತನೆಗಳನ್ನು ನಾಲ್ಕು ವಾರಗಳಿಗೆ ಹಂಚಿ, ಮುಗಿದ ಮೇಲೆ ಮತ್ತೆ ಮೊದಲಿಂದ. ನಂತರ ಬಲಿಪೂಜೆ. ಅಲ್ಲಿಂದ ನೇರ ಅಡುಗೆಮನೆಗೆ; ಚಿತ್ರಾನ್ನದ ಒಗ್ಗರಣೆ ವಾಸನೆ ಬರುವ ಹೊತ್ತಿಗೆ ಅವರ ದಿನದ ಎರಡು ಗಂಟೆ ಆಗಲೇ ಕಳೆದಿರುತ್ತಿತ್ತು. ಸಂಜೆ ಜಪಸರ, ರಾತ್ರಿ ಊಟದ ನಂತರ ಅರ್ಧ ಗಂಟೆ ಹರಟೆ, ಕೊನೆಯ ಪ್ರಾರ್ಥನೆ. ಅಲ್ಲಿಂದ ಬೆಳಗಿನವರೆಗೆ ಮಾತಿಲ್ಲ. ಕರೆಂಟು ಹೋದಾಗ ಇಡೀ ಕಟ್ಟಡದಲ್ಲಿ ಕಾಣುತ್ತಿದ್ದುದು ಪರಮಪ್ರಸಾದದ ಪೆಟ್ಟಿಗೆಯ ಪಕ್ಕದ ಕೆಂಪು ನಂದಾದೀಪ ಒಂದೇ.

ನಾಲ್ವರಲ್ಲಿ ಕಿರಿಯವರನ್ನು ನಾವು ‘ಚಿಕ್ಕ ಸಿಸ್ಟರ್’ ಅನ್ನುತ್ತಿದ್ದೆವು. ಮಂಗಳೂರು ಕಡೆಯವರು, ನನಗಿಂತ ಮೂರೇ ವರ್ಷ ದೊಡ್ಡವರು, ಪ್ರೌಢಶಾಲೆಯಲ್ಲಿ ಗಣಿತ ಪಾಠ. “ದಿನಾ ಅದೇ ಪ್ರಾರ್ಥನೆ, ಬೇಜಾರಾಗಲ್ವಾ ಸಿಸ್ಟರ್?” ಅಂತ ಒಮ್ಮೆ ಕೇಳಿದೆ. “ಆಗ್ತದೆ ಮಾರಾಯ್ತಿ. ನಂಗೆ ಬೇಜಾರಾದ ದಿನ ಎದುರಿನ ಸಾಲಿನವರು ಸರಿಯಾಗಿ ಓದ್ತಾರೆ. ಅವರಿಗೆ ಬೇಜಾರಾದ ದಿನ ನಾನು.”

ಸಂಬಳದ ವಿಷಯಕ್ಕೆ ಬರೋಣ. ಅವರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟವರು. ದುಡಿದದ್ದೆಲ್ಲ ಸಂಘಕ್ಕೆ. ಚಪ್ಪಲಿ ಕಿತ್ತುಹೋದರೆ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಹತ್ತಿರ ಕೇಳಿ ದುಡ್ಡು ಪಡೆಯಬೇಕು, ಉಳಿದ ಚಿಲ್ಲರೆಯ ಲೆಕ್ಕ ಒಪ್ಪಿಸಬೇಕು. ಆದರೂ ಟಿಡಿಎಸ್ ಬಿಟ್ಟಿಲ್ಲ! ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಸಿಸ್ಟರ್ ಮತ್ತು ಪಾದ್ರಿಗಳ ಸಂಬಳಕ್ಕೂ ತೆರಿಗೆ ಮುರಿಯಬೇಕೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಂಬಳ ಸೇರುವುದು ವ್ಯಕ್ತಿಗೆ, ಅದನ್ನು ಅವರು ಯಾರಿಗೆ ಕೊಡುತ್ತಾರೆ ಎನ್ನುವುದು ಬೇರೆ ಮಾತು ಎಂಬ ತರ್ಕ. ನನಗದು ಸರಿಯೆನಿಸಿತು, ಚಿಕ್ಕ ಸಿಸ್ಟರ್‌ಗೂ.

ಹೀಗೆ ಒಟ್ಟಿಗೆ ಹಾಕಿದ ದುಡಿಮೆಯಿಂದಲೇ ಏನೇನಾಗಿದೆ ನೋಡಿ. ಮಂಗಳೂರಿಗೆ 1870ರಲ್ಲಿ ಹಡಗಿನಲ್ಲಿ ಬಂದಿಳಿದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನೇ ತೆರೆದರು. ಹೆಣ್ಣುಮಕ್ಕಳು ಹೈಸ್ಕೂಲು ದಾಟುವುದೇ ಅಪರೂಪವಾಗಿದ್ದ ಕಾಲ ಅದು. ಅದೇ ವರ್ಷ ಅದೇ ಊರಲ್ಲಿ ಬೆಥನಿ ಸಿಸ್ಟರ್‌ಗಳ ಸಂಘವೂ ಹುಟ್ಟಿತು.

ಯುಗಾದಿಗೆ ಚಿಕ್ಕ ಸಿಸ್ಟರ್‌ನ ಊರಿಗೆ ಕರೆದೆ. ದೊಡ್ಡ ಸಿಸ್ಟರ್ ಒಪ್ಪಿದ ಮೇಲೆ, ಇನ್ನೊಬ್ಬ ಸಿಸ್ಟರ್ ಜೊತೆಗೆ, ಜಾವಗಲ್ ಮೇಲಿನ ಬಸ್ಸಿಗೆ ಹೊರಟೆವು. ಅವರಿಗೆ ಅದು ತಪಸ್ಸುಕಾಲ, ಸಿಹಿ ಬಿಟ್ಟಿದ್ದರಂತೆ. ಒಬ್ಬಟ್ಟು ಬಡಿಸಿದಾಗ ಮಾತ್ರ ಸುಮ್ಮನೆ ತಿಂದರು. “ಮನೆಗೆ ಕರೆದವರ ಎಲೆಯಲ್ಲಿ ನನ್ನ ವ್ರತ ತೋರಿಸಬಾರದು” ಅಂತ ಆಮೇಲೆ ಪಿಸುಗುಟ್ಟಿದರು. ನಮ್ಮಜ್ಜಿ ಬಿಡಬೇಕಲ್ಲ! “ಮದುವೆ ಆಗ್ದೆ ಹೊಂಟಿದ್ದೀಯಲ್ಲ ಮಗಾ, ನಮ್ ಅಕ್ಕಮಹಾದೇವಿ ಹಂಗೆ” ಎಂದರು. “ಅಕ್ಕ ಒಬ್ಬರೇ ಹೊರಟ್ರು ಅಜ್ಜಿ. ನಾನು ಪೇಟೆಗೆ ಹೊರಡಬೇಕಾದ್ರೂ ಪರ್ಮಿಷನ್ ಬೇಕು” ಎಂದರು ಸಿಸ್ಟರ್. ಮಧ್ಯಾಹ್ನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಗೆ ಹೋಗಿ, ಕನ್ನಡಿಯಂತೆ ಹೊಳೆಯುವ ಕಲ್ಲಿನ ಕಂಬಗಳಲ್ಲಿ ಮುಖ ನೋಡಿಕೊಂಡು ಮಕ್ಕಳಂತೆ ನಕ್ಕೆವು. ಬೇಲೂರಿಗೂ ಹೋಗುವ ಆಸೆಯಿತ್ತು. ಸಂಜೆಯ ಪ್ರಾರ್ಥನೆಗೆ ವಾಪಸಾಗಬೇಕಿತ್ತು.

ಮೇ ತಿಂಗಳಲ್ಲಿ ಅವರಿಗೆ ವರ್ಗಾವಣೆಯ ಪತ್ರ ಬಂತು, ಉತ್ತರ ಕರ್ನಾಟಕದ ಒಂದು ಹಳ್ಳಿಗೆ. ಹತ್ತು ದಿನ ಸಮಯ. ಅವರು ಕಷ್ಟಪಟ್ಟು ಗಣಿತ ಕಲಿಸಿದ ಒಂಬತ್ತನೇ ತರಗತಿ ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿಗೆ ಕಾಲಿಡುವುದಿತ್ತು. ನನಗೆ ಸಿಟ್ಟೇ ಬಂತು. ಅವರು ಕಾಯಂ ವ್ರತ ತೊಟ್ಟಿರಲಿಲ್ಲ. ಕನಿಷ್ಠ ಒಂದು ವರ್ಷದ ನೋವಿಷಿಯೇಟ್, ಆಮೇಲೆ ಕನಿಷ್ಠ ಮೂರು ವರ್ಷ ತಾತ್ಕಾಲಿಕ ವ್ರತ, ಅದಾದ ಮೇಲಷ್ಟೇ ಕೊನೆಯದು. ನಮ್ಮ ಸರ್ಕಾರಿ ಪ್ರೊಬೇಷನ್‌ಗಿಂತ ಉದ್ದ! ಅವಧಿ ಮುಗಿದಾಗ ಬೇಡವೆನಿಸಿದರೆ ಮನೆಗೆ ಹೋಗಬಹುದು, ಯಾರೂ ತಡೆಯುವಂತಿಲ್ಲ. ಅವರ ಅವಧಿ ಆ ಜೂನ್‌ಗೇ ಮುಗಿಯುತ್ತಿತ್ತು.

“ಆಗಲ್ಲ ಅಂತ ಹೇಳಬಾರದಿತ್ತಾ?” ಎಂದೆ.

“ಹೇಳಿದೆ. ಕೂರಿಸಿಕೊಂಡು ಪೂರ್ತಿ ಕೇಳಿದರು. ಆಮೇಲೂ ಹೋಗು ಅಂದರು.”

“ಮತ್ತೆ?”

“ಹೋಗ್ತೇನೆ.”

ಮರುದಿನ ಬೆಳಿಗ್ಗೆ ಅವರ ಕಣ್ಣು ಕೆಂಪಗಿತ್ತು, ಆದರೆ ಕೀರ್ತನೆಯ ಸಾಲಿನಲ್ಲಿ ದನಿ ಎಂದಿನಂತೆಯೇ ಇತ್ತು. ಬಡತನದ ವ್ರತ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ನೋಡಿಯೇ ಬೆಳೆದದ್ದು. ಈ ವಿಧೇಯತೆ ಮಾತ್ರ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಅದನ್ನು ಅವರಿಗೂ ಹೇಳಿದ್ದೇನೆ. “ನಂಗೂ ಕೆಲವು ಸಲ ಇಳಿಯೋದಿಲ್ಲ” ಎಂದಿದ್ದರು.

ಜೂನ್‌ನಲ್ಲಿ ಹೊಸ ಊರಿನಲ್ಲೇ ವ್ರತ ನವೀಕರಿಸಿದರಂತೆ. ಹೋಗುವಾಗ ಒಂದು ಸೂಟ್‌ಕೇಸು, ಒಂದು ಬಟ್ಟೆ ಚೀಲ. ಹತ್ತನೇ ತರಗತಿಗೆ ಹೋಗುವ ಹುಡುಗಿಯರಿಗಾಗಿ ಪ್ರಮೇಯಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್ ನನ್ನ ಕೈಗಿತ್ತು, “ನೀನು ಟಿಇಟಿಗೆ ಓದ್ತಾ ಇದ್ದೀಯಲ್ಲ, ಸಂಜೆ ಒಂದು ಗಂಟೆ ಇವರಿಗೆ ಹೇಳಿಕೊಡು” ಎಂದರು. ನಾನು ಹೂಂ ಅನ್ನುವ ಮೊದಲೇ ಆಟೊ ಬಂದಿತ್ತು.

ಅವರ ಜಾಗಕ್ಕೆ ಬಂದ ಸಿಸ್ಟರ್‌ಗೆ ಐವತ್ತು ದಾಟಿರಬೇಕು. ಅವರದೂ ಒಂದೇ ಸೂಟ್‌ಕೇಸು. ಬಂದವರೇ ನನ್ನನ್ನು ಕರೆದು, ಇಲ್ಲಿ ಬೋರ್‌ವೆಲ್ ನೀರು ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಕೇಳಿದರು.