ಹೊಸ ಸ್ಕಾರ್ಪಿಯೊ: ಐದು ನಕ್ಷತ್ರವೋ, ಸೊನ್ನೆಯೋ?

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಅದೇ ರೈತನ ಮಗ ಹತ್ತಿಪ್ಪತ್ತು ಲಕ್ಷ ರೂಪಾಯಿ ತೆತ್ತು ಕಾರು ಕೊಳ್ಳಲು ಹೊರಟಾಗ ಬಣ್ಣ, ದೀಪ, ಹಾಡು ಕೇಳಿಸುವ ಪೆಟ್ಟಿಗೆ ಇವಿಷ್ಟನ್ನೇ ನೋಡಿ ಮುಂಗಡ ಕಟ್ಟಿ ಬರುತ್ತಾನೆ!

ಇದು ಬರಿಯ ತಮಾಷೆಯ ಮಾತಲ್ಲ. 2022ರ ಜುಲೈ 30ರಂದು ಮಹೀಂದ್ರ ಕಂಪೆನಿ ತನ್ನ ಹೊಸ ಸ್ಕಾರ್ಪಿಯೊ-ಎನ್ ವಾಹನಕ್ಕೆ ಮುಂಗಡ ತೆಗೆದುಕೊಳ್ಳಲು ಆರಂಭಿಸಿತು. ಅರ್ಧ ಗಂಟೆಯೊಳಗೆ ಒಂದು ಲಕ್ಷ ಮಂದಿ ಹೆಸರು ನೋಂದಾಯಿಸಿದರೆಂದು ಕಂಪೆನಿ ಪ್ರಕಟಿಸಿತು. ಆ ವಾಹನದ ಡಿಕ್ಕಿ ಪರೀಕ್ಷೆಯ ಫಲಿತಾಂಶ ಹೊರಬಿದ್ದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಅಂದರೆ ಒಂದು ಲಕ್ಷ ಕುಟುಂಬಗಳು ಅಂಕಪಟ್ಟಿ ಬರುವ ಮೊದಲೇ ವಿದ್ಯಾರ್ಥಿಯನ್ನು ಪಾಸು ಮಾಡಿಬಿಟ್ಟಿದ್ದವು.

ಸ್ಕಾರ್ಪಿಯೊ ನಮ್ಮವರಿಗೆ ಹೊಸತೇನಲ್ಲ. 2002ರಲ್ಲಿ ಮೊದಲು ರಸ್ತೆಗಿಳಿದ ಇದು ಹಳ್ಳಿಯ ಗುತ್ತಿಗೆದಾರರಿಂದ ಹಿಡಿದು ಊರಿನ ಡಾಕ್ಟರರವರೆಗೆ ಎಲ್ಲರ ಅಂಗಳದಲ್ಲೂ ನಿಂತಿತು. ಇಪ್ಪತ್ತು ವರ್ಷಗಳ ಬಳಿಕ ಅದನ್ನು ಬುಡದಿಂದ ಹೊಸದಾಗಿ ರೂಪಿಸಿದಾಗ ಏನು ಬದಲಾಯಿತು? ಆ ಬದಲಾವಣೆ ಮನೆಮಂದಿಗೆ ಒಳ್ಳೆಯದೇ? ಇದನ್ನು ಅರಿಯಲು ಎಂಜಿನಿಯರ್ ಆಗಬೇಕಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರ, ಒಂದು ಅಳತೆ ಪಟ್ಟಿ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಅಳತೆ ಏನು ಹೇಳುತ್ತದೆ?

ಹಳೆಯ ಸ್ಕಾರ್ಪಿಯೊದ ಉದ್ದ 4456 ಮಿಲಿಮೀಟರ್, ಅಗಲ 1820, ಎತ್ತರ 1995. ಹೊಸದರ ಉದ್ದ 4662, ಅಗಲ 1917, ಎತ್ತರ 1857. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2680ರಿಂದ 2750ಕ್ಕೆ ಏರಿದೆ. ಈಗ ಕಳೆಯುವ ಲೆಕ್ಕ ಮಾಡಿ. ಹೊಸ ವಾಹನ 206 ಮಿಲಿಮೀಟರ್ ಉದ್ದವಾಗಿದೆ, 97 ಮಿಲಿಮೀಟರ್ ಅಗಲವಾಗಿದೆ, ಆದರೆ 138 ಮಿಲಿಮೀಟರ್ ಕುಳ್ಳಾಗಿದೆ! ಹೊರನೋಟಕ್ಕೆ ದೈತ್ಯನಂತೆ ಕಂಡರೂ ಅದು ಹಳೆಯದಕ್ಕಿಂತ ತಗ್ಗಿ ನಿಂತಿದೆ.

ಇದರ ಮಹತ್ವವನ್ನು ಒಂದು ಬೆಂಕಿಪೊಟ್ಟಣದಿಂದ ತಿಳಿಯಬಹುದು. ಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ತಳ್ಳಿ, ಥಟ್ಟನೆ ಉರುಳುತ್ತದೆ. ಮಲಗಿಸಿ ತಳ್ಳಿ, ಜಾರುತ್ತದೆಯೇ ಹೊರತು ಉರುಳುವುದಿಲ್ಲ. ತಳ ಅಗಲವಾದಷ್ಟೂ, ಗುರುತ್ವ ಕೇಂದ್ರ ಕೆಳಗಿಳಿದಷ್ಟೂ ವಸ್ತು ಸ್ಥಿರ. ವಾಹನಗಳಿಗೆ ಇದನ್ನು ಸಂಖ್ಯೆಯಲ್ಲಿ ಹೇಳುವ ವಿಧಾನವಿದೆ. ಎಡ-ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಬೇಕು. ಸಾಮಾನ್ಯ ಕಾರುಗಳಿಗೆ ಈ ಭಾಗಲಬ್ಧ 1.3ರಿಂದ 1.5ರವರೆಗೆ ಬರುತ್ತದೆ, ಎಸ್‌ಯುವಿಗಳಿಗೆ 1ರಿಂದ 1.3ರವರೆಗೆ. ತಿರುವಿನಲ್ಲಿ ಎಸ್‌ಯುವಿ ಮಗುಚುವ ಭಯ ಹೆಚ್ಚು ಏಕೆಂಬುದು ಇದರಿಂದಲೇ ಗೊತ್ತಾಗುತ್ತದೆ. ಛಾವಣಿಯ ಎತ್ತರವೇ ಗುರುತ್ವ ಕೇಂದ್ರದ ಎತ್ತರವಲ್ಲ, ನಿಜ. ಆದರೆ ಅಗಲ ಹೆಚ್ಚಿಸಿ ಎತ್ತರ ಇಳಿಸಿದ್ದು ಸರಿಯಾದ ದಿಕ್ಕಿನಲ್ಲಿಟ್ಟ ಹೆಜ್ಜೆಯೇ ಸರಿ.

ಆದರೆ ವಿನ್ಯಾಸಕಾರ ಕಷ್ಟಪಟ್ಟು ಗಳಿಸಿದ್ದನ್ನು ನಾವು ಒಂದೇ ಪ್ರವಾಸದಲ್ಲಿ ಕಳೆಯಬಲ್ಲೆವು. ಎರಡು ಟನ್ ತೂಕದ ವಾಹನದ ಗುರುತ್ವ ಕೇಂದ್ರ ನೆಲದಿಂದ 70 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಛಾವಣಿಯ ಮೇಲೆ, ಅಂದರೆ ಎರಡು ಮೀಟರ್ ಎತ್ತರದಲ್ಲಿ, 100 ಕಿಲೋಗ್ರಾಂ ಸಾಮಾನು ಕಟ್ಟಿದರೆ ಆ ಕೇಂದ್ರ 76 ಸೆಂಟಿಮೀಟರಿಗೆ ಏರುತ್ತದೆ. ಧರ್ಮಸ್ಥಳಕ್ಕೆ ಹೊರಟು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಈ ಆರು ಸೆಂಟಿಮೀಟರನ್ನು ಮರೆಯಬಾರದು.

ಹಿಂದಿನ ಅಚ್ಚಿನಲ್ಲಿ ಜೇಮ್ಸ್ ವಾಟ್

ಹೊಸ ಸ್ಕಾರ್ಪಿಯೊದ ಹಿಂಭಾಗದ ಕೆಳಗೆ ಬಗ್ಗಿ ನೋಡಿದರೆ ಉಗಿ ಯಂತ್ರದ ಜೇಮ್ಸ್ ವಾಟ್ ಸಿಗುತ್ತಾನೆ! ಗಡುಸಾದ ಹಿಂದಿನ ಅಚ್ಚು ಗುಂಡಿ ಬಿದ್ದಾಗ ಮೇಲೆ ಕೆಳಗೆ ಆಡಬೇಕು, ಆದರೆ ಪಕ್ಕಕ್ಕೆ ಸರಿಯಬಾರದು. ಒಂದೇ ಸರಳಿನಿಂದ ಅದನ್ನು ಹಿಡಿದಿಟ್ಟರೆ ಸರಳಿನ ತುದಿ ಕಂಸಾಕಾರದಲ್ಲಿ ಚಲಿಸುವುದರಿಂದ ಅಚ್ಚು ತುಸು ಪಕ್ಕಕ್ಕೂ ಸರಿಯುತ್ತದೆ. ಎರಡು ಸರಳುಗಳನ್ನು ನಡುವೆ ಒಂದು ಚಿಕ್ಕ ತುಂಡಿನಿಂದ ಜೋಡಿಸಿದರೆ ಆ ತುಂಡಿನ ಮಧ್ಯಬಿಂದು ಬಹುಮಟ್ಟಿಗೆ ನೇರ ಗೆರೆಯಲ್ಲಿ ಏರಿಳಿಯುತ್ತದೆ. ಉಗಿ ಯಂತ್ರದ ಕೊಂತವನ್ನು ನೇರವಾಗಿ ನಡೆಸಲು ವಾಟ್ ಈ ಜೋಡಣೆಗೆ 1784ರಲ್ಲಿ ಹಕ್ಕುಪತ್ರ ಪಡೆದಿದ್ದ. ಇನ್ನೂರು ವರ್ಷ ದಾಟಿದ ಉಪಾಯ ಇಂದು ನಮ್ಮ ಹೆದ್ದಾರಿಯಲ್ಲಿ ಹಿಂದಿನ ಸೀಟಿನ ಅಜ್ಜಿಯ ಸೊಂಟ ಕಾಯುತ್ತಿದೆ.

ಎಂಜಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2.2 ಲೀಟರಿನ ಡೀಸೆಲ್, 2 ಲೀಟರಿನ ಪೆಟ್ರೋಲ್ ಎರಡೂ ಸಂಸಾರಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಬಲವುಳ್ಳವು. ನೆನಪಿಡಬೇಕಾದದ್ದು ಇಷ್ಟೇ: ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮೈಲೇಜ್ ಬರಲಿಲ್ಲವೆಂದು ಮೆಕ್ಯಾನಿಕನನ್ನು ಬೈಯುವ ಮೊದಲು ತಮ್ಮ ಬಲಗಾಲನ್ನು ವಿಚಾರಿಸುವುದು ಲೇಸು.

ಐದನೆಯ ಅಂತಸ್ತಿನಿಂದ

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗಟ್ಟೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸುತ್ತದೆ. 64 ಎಂದರೆ ದೊಡ್ಡ ವೇಗವೇನಲ್ಲ ಎನಿಸಬಹುದು. ಲೆಕ್ಕ ಹಾಕಿ ನೋಡಿ. ಅದು ಸೆಕೆಂಡಿಗೆ ಸುಮಾರು 17.8 ಮೀಟರ್. ಮೇಲಿನಿಂದ ಬೀಳುವ ಕಲ್ಲು ಈ ವೇಗ ಪಡೆಯಲು 16 ಮೀಟರ್ ಎತ್ತರದಿಂದ ಬೀಳಬೇಕು. ಐದಂತಸ್ತಿನ ಕಟ್ಟಡದ ತಾರಸಿಯಿಂದ ಕಾರನ್ನು ಮೂತಿ ಕೆಳಗಾಗಿ ಕೆಡವಿದಂತೆ! ವೇಗ 90 ಆದರೆ ಚಲನಶಕ್ತಿ ಇದರ ಎರಡು ಪಟ್ಟು, ಅಂದರೆ ಹತ್ತಂತಸ್ತು.

ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಳ್ಳೆಯ ವಾಹನದ ಮೂತಿ ತಾನು ನುಜ್ಜುಗುಜ್ಜಾಗಿ ಅದನ್ನು ಹೀರುತ್ತದೆ. ಮನುಷ್ಯರು ಕುಳಿತ ಪೆಟ್ಟಿಗೆ ಮಾತ್ರ ಕದಲದೆ ನಿಲ್ಲುತ್ತದೆ. 'ಹಿಂದಿನ ಕಾಲದ ಗಾಡಿ ಗಟ್ಟಿ, ಈಗಿನವು ತಗಡು' ಎಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಮೂತಿ 60 ಸೆಂಟಿಮೀಟರ್ ಕುಸಿದು ವಾಹನ ನಿಂತಿತೆನ್ನಿ. ಒಳಗಿರುವವರ ಮೇಲೆ ಬೀಳುವ ಬಲ ಅವರ ತೂಕದ ಸುಮಾರು 27 ಪಟ್ಟು. ಹತ್ತು ಕಿಲೋ ತೂಕದ ಕೂಸನ್ನು ತಾಯಿ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಿದ್ದರೆ, ಆ ಕ್ಷಣ ಅವಳ ತೋಳುಗಳು 270 ಕಿಲೋ ಭಾರವನ್ನು ತಡೆಯಬೇಕು. ಭೂಮಿಯ ಮೇಲಿನ ಯಾವ ತಾಯಿಯ ಪ್ರೀತಿಗೂ ಇದು ಸಾಧ್ಯವಿಲ್ಲ.

2016ರಲ್ಲಿ ಹಳೆಯ ಸ್ಕಾರ್ಪಿಯೊವನ್ನು, ಏರ್‌ಬ್ಯಾಗ್ ಇಲ್ಲದ ಮಾದರಿಯನ್ನು, ಈ ಸಂಸ್ಥೆ ಪರೀಕ್ಷಿಸಿತು. ದೊಡ್ಡವರ ರಕ್ಷಣೆಯಲ್ಲಿ ಅದಕ್ಕೆ ಸಿಕ್ಕ ನಕ್ಷತ್ರ ಸೊನ್ನೆ, ಮಕ್ಕಳ ರಕ್ಷಣೆಯಲ್ಲಿ ಎರಡು. 2022ರಲ್ಲಿ ಸ್ಕಾರ್ಪಿಯೊ-ಎನ್ ದೊಡ್ಡವರ ರಕ್ಷಣೆಯಲ್ಲಿ 34ಕ್ಕೆ 29.25 ಅಂಕ ಪಡೆದು ಐದು ನಕ್ಷತ್ರ ಗಳಿಸಿತು. ಈ ನಡುವೆ ಪರೀಕ್ಷೆಯೂ ಕಠಿಣವಾಗಿತ್ತು, ಪಕ್ಕದಿಂದ ಹೊಡೆಸುವ ಡಿಕ್ಕಿಯೂ ಸೇರಿತ್ತು. ಆದ್ದರಿಂದ ಇದು ನಿಜವಾದ ಪ್ರಗತಿ. ಆದರೆ ಮಕ್ಕಳ ರಕ್ಷಣೆಯಲ್ಲಿ ಅದೇ ವಾಹನಕ್ಕೆ ಬಂದದ್ದು 49ಕ್ಕೆ 28.93, ಕೇವಲ ಮೂರು ನಕ್ಷತ್ರ. ಜಾಹೀರಾತಿನಲ್ಲಿ ಐದು ದೊಡ್ಡ ಅಕ್ಷರದಲ್ಲಿರುತ್ತದೆ. ತಂದೆತಾಯಿ ಹುಡುಕಿ ಓದಬೇಕಾದದ್ದು ಆ ಮೂರನ್ನು.

ಒಂದು ವಾಹನ, ಎರಡು ಅಂಕಪಟ್ಟಿ

ಕಥೆ ಇಲ್ಲಿಗೇ ಮುಗಿಯಲಿಲ್ಲ. 2023ರಲ್ಲಿ ಆಸ್ಟ್ರೇಲಿಯದ ಎನ್‌ಕ್ಯಾಪ್ ಸಂಸ್ಥೆ ಇದೇ ವಾಹನವನ್ನು ಪರೀಕ್ಷಿಸಿ ಸೊನ್ನೆ ನಕ್ಷತ್ರ ಕೊಟ್ಟಿತು! ಇಲ್ಲಿ ಐದು, ಅಲ್ಲಿ ಸೊನ್ನೆ. ಯಾರೋ ಸುಳ್ಳು ಹೇಳುತ್ತಿದ್ದಾರೆಂದು ತೋರುವುದು ಸಹಜ. ಹಾಗೇನಿಲ್ಲ. ಪಠ್ಯಕ್ರಮ ಬೇರೆ, ಅಷ್ಟೇ.

ಆಸ್ಟ್ರೇಲಿಯದ ಪರೀಕ್ಷೆಯಲ್ಲಿ ನಾಲ್ಕು ವಿಷಯಗಳು. ಸ್ಕಾರ್ಪಿಯೊಗೆ ದೊಡ್ಡವರ ರಕ್ಷಣೆಯಲ್ಲಿ ಶೇಕಡಾ 44, ಮಕ್ಕಳ ರಕ್ಷಣೆಯಲ್ಲಿ 80, ಪಾದಚಾರಿ ಮತ್ತು ಸೈಕಲ್ ಸವಾರರ ರಕ್ಷಣೆಯಲ್ಲಿ 23, ಅಪಘಾತ ತಪ್ಪಿಸುವ ಉಪಕರಣಗಳಲ್ಲಿ ಸೊನ್ನೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರತಿ ವಿಷಯದಲ್ಲೂ ಪಾಸಾಗಬೇಕಲ್ಲವೇ? ಅಲ್ಲಿಯೂ ಹಾಗೆಯೇ, ಒಂದರಲ್ಲಿ ಸೊನ್ನೆ ಬಂದರೆ ಒಟ್ಟು ಫಲಿತಾಂಶವೂ ಸೊನ್ನೆ. ಎದುರಿಗೆ ಅಡ್ಡ ಬಂದದ್ದನ್ನು ಕಂಡು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಆಗ ಪರೀಕ್ಷಿಸಿದ ವಾಹನದಲ್ಲಿ ಇರಲಿಲ್ಲ. 2025ರಲ್ಲಿ ಕಂಪೆನಿ ದುಬಾರಿ ದರ್ಜೆಯ ಮಾದರಿಗೆ ಅದನ್ನು ಅಳವಡಿಸಿತು.

ಮಕ್ಕಳ ವಿಷಯದ ಅಂಕ ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ ಬಂದದ್ದು ಹೇಗೆ? ಗ್ಲೋಬಲ್ ಎನ್‌ಕ್ಯಾಪ್ ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಬೊಂಬೆಗಳನ್ನು ಕೂರಿಸುತ್ತದೆ, ಆಸ್ಟ್ರೇಲಿಯದವರು ಆರು ಮತ್ತು ಹತ್ತು ವರ್ಷದವರ ಬೊಂಬೆಗಳನ್ನು. ಪ್ರಶ್ನೆಪತ್ರಿಕೆಯೇ ಬೇರೆಯಾದಾಗ ಅಂಕಗಳನ್ನು ಹಾಗೆಯೇ ಹೋಲಿಸಲಾಗದು. ವಿದ್ಯಾರ್ಥಿಗಳು ಇದನ್ನು ಮನನ ಮಾಡಿಕೊಳ್ಳಬೇಕು: ಯಾವ ಸಂಖ್ಯೆ ಕಂಡರೂ 'ಎಷ್ಟು?' ಎಂದು ಕೇಳುವುದರ ಜೊತೆಗೆ 'ಯಾವ ಅಳತೆಗೋಲಿನಲ್ಲಿ?' ಎಂದೂ ಕೇಳಬೇಕು.

ಮೂತಿಯ ಮುಂದೆ ಕಾಣದ ಮಗು

ಪಾದಚಾರಿಗಳ ವಿಷಯದ 23ನ್ನು ಹಗುರವಾಗಿ ಕಾಣಬಾರದು. ಎತ್ತರದ ಮೂತಿಯ ಎಲ್ಲ ವಾಹನಗಳಿಗೂ ಇರುವ ತೊಂದರೆಯಿದು. ಚಾಲಕನ ಕಣ್ಣು ನೆಲದಿಂದ 1.5 ಮೀಟರ್ ಮೇಲಿದೆ, ಕಣ್ಣಿನಿಂದ 1.9 ಮೀಟರ್ ಮುಂದೆ ಬಾನೆಟ್ಟಿನ ಅಂಚು 1.1 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಸಮರೂಪ ತ್ರಿಭುಜಗಳ ಲೆಕ್ಕ ಹಾಕಿದರೆ, 90 ಸೆಂಟಿಮೀಟರ್ ಎತ್ತರದ ಮಗು ಮೂತಿಯ ಮುಂದಿನ ಸುಮಾರು ಒಂದು ಮೀಟರಿನೊಳಗೆ ನಿಂತಿದ್ದರೆ ಅದರ ತಲೆಗೂದಲೂ ಚಾಲಕನಿಗೆ ಕಾಣುವುದಿಲ್ಲ. ನೆಲದ ಮೇಲೆ ಬಿದ್ದ ಚೆಂಡು ಐದು ಮೀಟರ್ ದೂರದವರೆಗೂ ಕಾಣದು. ಆ ಚೆಂಡನ್ನು ಹೆಕ್ಕಲು ಬಗ್ಗಿದ ಮಗುವೂ ಅಷ್ಟೇ. ಅಂಗಳದಲ್ಲಿ ಮಕ್ಕಳಿರುವ ಮನೆಯಲ್ಲಿ ಗಾಡಿ ಹೊರಡುವ ಮುನ್ನ ಒಬ್ಬರು ಇಳಿದು ಸುತ್ತ ನೋಡಿ ಬರುವುದು ಅತ್ಯವಶ್ಯ.

ಹಾಗಾದರೆ ತೀರ್ಮಾನ?

ಹಳೆಯದಕ್ಕೆ ಹೋಲಿಸಿದರೆ ಹೊಸದು ಎಷ್ಟೋ ಮೇಲು. ಹಳೆಯದರ ಕೆಲವು ಮಾದರಿಗಳಲ್ಲಿ ಹಿಂದೆ ಎದುರುಬದುರಾಗಿ ಕೂರುವ ಅಡ್ಡ ಸೀಟುಗಳಿದ್ದವು, ಡಿಕ್ಕಿಯಾದಾಗ ಅವು ಬಲು ಅಪಾಯಕಾರಿ. ಹೊಸದರಲ್ಲಿ ಮೂರನೆಯ ಸಾಲೂ ಮುಂದಕ್ಕೆ ಮುಖ ಮಾಡಿದೆ. ಆದರೆ ಆ ಸಾಲನ್ನು ಬಿಡಿಸಿದರೆ ಸಾಮಾನಿಗೆ ಜಾಗ ತೀರ ಕಡಿಮೆ. ಏಳು ಜನರೂ, ಏಳು ಜನರ ಗಂಟುಮೂಟೆಯೂ ಎಂದರೆ ಆಗದು. ಆಗ ಗಂಟು ಛಾವಣಿಗೇರುತ್ತದೆ, ಗುರುತ್ವ ಕೇಂದ್ರವೂ ಏರುತ್ತದೆ. ಸಣ್ಣ ಮಕ್ಕಳಿರುವವರು ಮಕ್ಕಳ ಸೀಟಿನ ಬೆಲೆಯನ್ನೂ ವಾಹನದ ಬೆಲೆಯಲ್ಲಿಯೇ ಸೇರಿಸಿ ಲೆಕ್ಕ ಹಾಕುವುದು ಜಾಣತನ.

ಇನ್ನು ನಕ್ಷತ್ರಗಳು ಎಷ್ಟೇ ಇರಲಿ, ಅವು ಬೆಲ್ಟ್ ಕಟ್ಟಿದ ಬೊಂಬೆಗಳು ಗಳಿಸಿದ ನಕ್ಷತ್ರಗಳು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 16,715 ಜನ ಸೀಟ್ ಬೆಲ್ಟ್ ಧರಿಸಿರಲಿಲ್ಲವೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಹಿಂದಿನ ಸೀಟಿನವರೂ ಬೆಲ್ಟ್ ಕಟ್ಟಬೇಕೆಂದು ಕಾನೂನಿದೆ. ಹದಿನಾಲ್ಕು ವರ್ಷದೊಳಗಿನ ಮಗು ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕುಳಿತರೆ ಸಾವಿರ ರೂಪಾಯಿ ದಂಡವೂ ಇದೆ. ಆದರೆ ನ್ಯೂಟನ್ ವಿಧಿಸುವ ದಂಡ ಅದಕ್ಕಿಂತ ದೊಡ್ಡದು. ಅದಕ್ಕೆ ರಸೀದಿಯಿಲ್ಲ, ಮೇಲ್ಮನವಿಯೂ ಇಲ್ಲ.

ಅಂಗಡಿಗೆ ಹೋದಾಗ ಮಕ್ಕಳು ಮಾಡಬೇಕಾದ್ದು

1. ಎಲ್ಲ ಸೀಟುಗಳಲ್ಲಿ ಕುಳಿತು ಬೆಲ್ಟ್ ಕಟ್ಟಿ ನೋಡಿ. ಸೊಂಟಕ್ಕೆ ಮಾತ್ರವೋ, ಭುಜಕ್ಕೂ ಬರುತ್ತದೆಯೋ ಬರೆದುಕೊಳ್ಳಿ.

2. ಮಕ್ಕಳ ಸೀಟು ಸಿಕ್ಕಿಸುವ ಕೊಂಡಿಗಳು ಎಲ್ಲೆಲ್ಲಿವೆ ಎಂದು ಕೈಯಿಂದ ಮುಟ್ಟಿ ಹುಡುಕಿ.

3. ಅಪ್ಪನನ್ನು ಚಾಲಕನ ಸೀಟಿನಲ್ಲಿ ಕೂರಿಸಿ. ತಂಗಿಯ ಎತ್ತರದ ಕೋಲೊಂದನ್ನು ಮೂತಿಯ ಮುಂದೆ ಹಿಡಿದು, ಅದರ ತುದಿ ಕಾಣುವವರೆಗೆ ಹಿಂದೆ ಸರಿಯಿರಿ. ಆ ದೂರವನ್ನು ಅಳೆಯಿರಿ.

4. ಡಿಕ್ಕಿ ಪರೀಕ್ಷೆಯ ಅಂಕಪಟ್ಟಿ ಕೇಳಿ. ಯಾವ ವರ್ಷದ್ದು, ಯಾವ ಸಂಸ್ಥೆಯದು, ಪರೀಕ್ಷಿಸಿದ ಮಾದರಿಯಲ್ಲಿ ಎಷ್ಟು ಏರ್‌ಬ್ಯಾಗ್ ಇದ್ದವು, ನೀವು ಕೊಳ್ಳುವ ಮಾದರಿಯಲ್ಲಿ ಎಷ್ಟಿವೆ, ಇವನ್ನು ಹೋಲಿಸಿ.

5. ಬಣ್ಣವನ್ನು ಕಡೆಯಲ್ಲಿ ಆರಿಸಿ.