ಜೋತುಬಿದ್ದ ರೆಪ್ಪೆಗೆ ಶಸ್ತ್ರಕ್ರಿಯೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ದಿನವಿಡೀ ನವಿರಾದ ಎಳೆಗಳನ್ನು ನೋಡುವ ನೇಕಾರನಿಗೆ ಕಣ್ಣೇ ಬಂಡವಾಳ. ಅರುವತ್ತು ದಾಟಿದ ಅಂತಹವನೊಬ್ಬನನ್ನು ಊಹಿಸಿಕೊಳ್ಳಿ. ಮಗ್ಗದ ಮೇಲಣ ಹಗ್ಗವನ್ನು ನೋಡಲು ಅವನು ಹುಬ್ಬೇರಿಸುತ್ತಾನೆ, ಗದ್ದವೆತ್ತುತ್ತಾನೆ, ಕೊನೆಗೆ ಬೆರಳಿನಿಂದ ರೆಪ್ಪೆಯನ್ನೇ ಮೇಲಕ್ಕೆ ಹಿಡಿಯುತ್ತಾನೆ. ಸಂಜೆಯಾಗುವಷ್ಟರಲ್ಲಿ ಹಣೆ ನೋಯುತ್ತದೆ. ಕನ್ನಡಕವನ್ನು ಬದಲಿಸಿದರೂ ಗುಣವಿಲ್ಲ.

ರೆಪ್ಪೆಯ ಚರ್ಮವು ಇಡೀ ದೇಹದಲ್ಲಿಯೇ ಅತ್ಯಂತ ತೆಳುವಾದುದು. ವಯಸ್ಸು ಏರಿದಂತೆ, ಬಿಸಿಲಿನ ಹೊಡೆತ ತಿಂದಂತೆ ಅದು ಬಿಗಿತಪ್ಪಿ ಮಡಿಕೆಯಾಗಿ ಇಳಿಬೀಳುತ್ತದೆ. ಕಣ್ಣುಗುಡ್ಡೆಗೆ ಮೆತ್ತೆಯಾಗಿರುವ ಕೊಬ್ಬು ಮುಂದಕ್ಕುಬ್ಬಿ ಕೆಳರೆಪ್ಪೆಯಲ್ಲಿ ಚೀಲದಂತೆ ಕಾಣಿಸುವುದೂ ಉಂಟು. ರೆಪ್ಪೆಯನ್ನೆತ್ತುವ ಸ್ನಾಯುವೇ ಸಡಿಲವಾಗಿದ್ದರೆ ಮಾತ್ರ ಸಂಗತಿ ಬೇರೆ. ಅದರ ಶಸ್ತ್ರಕ್ರಿಯೆಯೂ ಬೇರೆ. ಒಂದು ರೆಪ್ಪೆ ಥಟ್ಟನೆ ಇಳಿದು, ವಸ್ತುಗಳು ಎರಡೆರಡಾಗಿ ಕಂಡರೆ ಅಂದವನ್ನು ಕುರಿತು ಯೋಚಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.

ರೆಪ್ಪೆಯ ಚರ್ಮವನ್ನು ಕತ್ತರಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವ ‘ಪಕ್ಷ್ಮಕೋಪ’ವೆಂಬ ರೋಗಕ್ಕೆ ಸುಶ್ರುತಸಂಹಿತೆಯ ಉತ್ತರತಂತ್ರವು ಚಿಕಿತ್ಸೆಯನ್ನು ಹೇಳಿದೆ. ರೋಗಿಯನ್ನು ಕುಳ್ಳಿರಿಸಿ, ಹುಬ್ಬಿನ ಕೆಳಗೆ ಎರಡು ಭಾಗ, ರೆಪ್ಪೆಗೂದಲಿನ ಕಡೆಗೆ ಒಂದು ಭಾಗ ಚರ್ಮವನ್ನು ಉಳಿಸಿ, ನಡುವಣಿಂದ ಜವೆಗೋದಿಯ ಆಕಾರದ ತುಂಡನ್ನು ತೆಗೆದು ಕೂದಲಿನಿಂದ ಹೊಲಿಯಬೇಕು. ತೆಗೆಯುವುದಕ್ಕೆ ಮೊದಲು ಉಳಿಸುವುದರ ಲೆಕ್ಕ ಬಂದಿರುವುದನ್ನು ಗಮನಿಸಿ. ಇಂದಿನ ಶಸ್ತ್ರವೈದ್ಯನೂ ರೋಗಿಯನ್ನು ಕುಳ್ಳಿರಿಸಿಯೇ ಗುರುತು ಹಾಕುತ್ತಾನೆ. ಮಲಗಿದರೆ ಚರ್ಮ ಸರಿದು ಅಳತೆ ತಪ್ಪುತ್ತದೆ. ಹುಬ್ಬಿಗೂ ರೆಪ್ಪೆಗೂದಲಿಗೂ ನಡುವೆ ಸುಮಾರು 20 ಮಿಲಿಮೀಟರಿನಷ್ಟಾದರೂ ಚರ್ಮ ಉಳಿಯಬೇಕೆಂಬುದು ಈಗಿನ ವಾಡಿಕೆ. ಅತಿಯಾಗಿ ಕತ್ತರಿಸಿದರೆ ನಿದ್ರೆಯಲ್ಲಿಯೂ ಕಣ್ಣು ಪೂರ್ತಿ ಮುಚ್ಚದು. ಪಾರದರ್ಶಕ ಪಟಲವು ಒಣಗಿ ಹುಣ್ಣಾದೀತು. ಉಳಿದ ಚರ್ಮವನ್ನು ಮುಂದೆ ತೆಗೆಯಬಹುದು, ತೆಗೆದುದನ್ನು ಮರಳಿಸುವುದು ಬಲು ಕಷ್ಟ.

ಮೇಲ್ರೆಪ್ಪೆಗಳೆರಡಕ್ಕೂ ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು ಸಾಕು. ಸೂಜಿಮದ್ದಿನಿಂದ ಆ ಜಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಸಹಜವಾದ ಮಡಿಕೆಯ ಗೆರೆಯಲ್ಲಿಯೇ ಕೊಯ್ದು ಲಾಳಿಯ ಆಕಾರದ ಚರ್ಮವನ್ನು ತೆಗೆಯುವುದರಿಂದ ಕಲೆ ಅಲ್ಲಿಯೇ ಅಡಗುತ್ತದೆ. ಹೊಲಿಗೆಗೆ ನೈಲಾನಿನಂತೆ ರೇಷ್ಮೆಯ ಎಳೆಯೂ ಬಳಕೆಯಲ್ಲುಂಟು. ಮೊಳಕಾಲ್ಮೂರಿನವರು ಇದನ್ನು ಕೇಳಿ ನಕ್ಕಾರು! ಆಸ್ಪಿರಿನ್ ಮುಂತಾದ ರಕ್ತ ತಿಳಿಯಾಗಿಸುವ ಮದ್ದು, ರಕ್ತದೊತ್ತಡ, ಕಣ್ಣೀರಿನ ಕೊರತೆ ಇವೆಲ್ಲವನ್ನೂ ವೈದ್ಯನಿಗೆ ಮೊದಲೇ ತಿಳಿಸಬೇಕು. ಮದ್ದನ್ನು ತಾನಾಗಿಯೇ ನಿಲ್ಲಿಸಕೂಡದು.

ಮೊದಲ ಎರಡು ಮೂರು ದಿನ ಬಾವು, ಕಪ್ಪು ನೀಲಿ ಬಣ್ಣ, ನೀರು ಸೋರುವುದು ಸಹಜ. ತಣ್ಣನೆಯ ಬಟ್ಟೆಯಿಡಬೇಕು, ತಲೆಯನ್ನು ಎತ್ತರಿಸಿ ಮಲಗಬೇಕು. ಐದರಿಂದ ಏಳು ದಿನಗಳಲ್ಲಿ ಹೊಲಿಗೆ ತೆಗೆಯುತ್ತಾರೆ. ಬಣ್ಣ ಮಾಯಲು ಎರಡು ವಾರ, ಗೆರೆ ಮಸಕಾಗಲು ತಿಂಗಳುಗಳೇ ಬೇಕು. ತೀವ್ರ ನೋವು, ಕಣ್ಣು ಮುಂದಕ್ಕುಬ್ಬುವುದು, ದೃಷ್ಟಿ ಮಂಕಾಗುವುದು ಕಂಡರೆ ಮಾತ್ರ ಬೆಳಗಾಗುವುದನ್ನು ಕಾಯಬಾರದು. ಗುಡ್ಡೆಯ ಹಿಂದೆ ರಕ್ತ ಕಟ್ಟಿ ದೃಷ್ಟಿನರವನ್ನು ಒತ್ತುತ್ತಿರಬಹುದು. ಇದು ಅಪರೂಪ, ಆದರೆ ತಡವಾದರೆ ಕಣ್ಣೇ ಹೋದೀತು.

ಕಣ್ಣ ಕೊನೆಯ ಸುಕ್ಕು, ಸುತ್ತಣ ಕಪ್ಪುಬಣ್ಣ, ಕಣ್ಣಿನ ಪೊರೆ ಇವಾವುವೂ ಈ ಶಸ್ತ್ರಕ್ರಿಯೆಯಿಂದ ಹೋಗವು. ಪರೀಕ್ಷೆಗೆಂದು ನಿದ್ದೆಗೆಟ್ಟು ರೆಪ್ಪೆ ಊದಿಸಿಕೊಂಡ ವಿದ್ಯಾರ್ಥಿಗಳಿಗೆ ಇದರ ಗೊಡವೆಯೇ ಬೇಡ.

ನಮ್ಮ ನೇಕಾರನಿಗೆ ಇದು ಬೇಕೇ? ಅದನ್ನರಿಯಲು ನೇತ್ರವೈದ್ಯನ ಬಳಿ ಒಂದು ಸುಲಭೋಪಾಯವುಂಟು. ಮೊದಲು ರೆಪ್ಪೆ ಇದ್ದಂತೆಯೇ ದೃಷ್ಟಿಕ್ಷೇತ್ರವನ್ನು ಅಳೆಯುತ್ತಾನೆ. ಬಳಿಕ ಜೋತ ಚರ್ಮವನ್ನು ಅಂಟುಪಟ್ಟಿಯಿಂದ ಮೇಲಕ್ಕೆತ್ತಿ ಮತ್ತೆ ಅಳೆಯುತ್ತಾನೆ. ಎರಡನೆಯ ಸಲ ಮೇಲ್ಭಾಗದಲ್ಲಿ ಎಷ್ಟು ಹೆಚ್ಚು ಕಂಡಿತೋ, ಶಸ್ತ್ರಕ್ರಿಯೆಯಿಂದ ಹೆಚ್ಚುಕಡಿಮೆ ಅಷ್ಟನ್ನೇ ನಿರೀಕ್ಷಿಸಬಹುದು.