ತಿನಿಸಿಗೆ ಮಣ್ಣಿನ ಉಡುಪು

ಜಪಾನಿನ ಚಿಕ್ಕ ಸುಶಿ ಅಂಗಡಿಗಳಲ್ಲಿ ಕೂರಲು ಎಂಟು-ಹತ್ತು ಜನಕ್ಕಷ್ಟೇ ಜಾಗ. ಮರದ ಕಟ್ಟೆಯ ಆಚೆ ಬಾಣಸಿಗ, ಈಚೆ ಗಿರಾಕಿ. ಅನೇಕ ಕಡೆ ತಿನಿಸಿನ ಪಟ್ಟಿಯನ್ನೇ ಕೇಳುವುದಿಲ್ಲ. ‘ಒಮಾಕಸೆ’ ಎಂದರಾಯಿತು, ‘ನಿಮಗೇ ಬಿಟ್ಟದ್ದು’ ಎಂದರ್ಥ. ವಿನಿಗರ್ ಬೆರೆಸಿದ ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿನ ತುಣುಕನ್ನಿಟ್ಟು ಒತ್ತಿ, ಬಾಣಸಿಗ ಒಂದೊಂದಾಗಿ ಮುಂದಿಡುತ್ತಾನೆ. ಕೈಯಿಂದಲೇ ಎತ್ತಿ ಬಾಯಿಗಿಟ್ಟರೂ ತಪ್ಪಲ್ಲ.

ಒಂದು ತುತ್ತು ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ. ಉಳಿಯುವುದು ಅದನ್ನು ಹೊತ್ತ ತಟ್ಟೆ. ಒಳ್ಳೆಯ ಅಂಗಡಿಗಳು ಕೈಯಿಂದ ಮಾಡಿದ ಮಣ್ಣಿನ ಪಾತ್ರೆಗಳಿಗೆ ಬೆಲೆ ಕೊಡುವುದು ಇದಕ್ಕೇ. ಬಿಜೆನ್ ಪಾತ್ರೆಗೆ ಮೆರುಗು ಹಚ್ಚುವುದಿಲ್ಲ. ಅದರ ಮೇಲಿನ ಕೆಂಪು-ಕಂದು ಗುರುತುಗಳೆಲ್ಲ ಆವಿಗೆಯ ಬೆಂಕಿ, ಬೂದಿ ಮಾಡಿದ ಕೆಲಸ. ಮೀನಿನ ಎಣ್ಣೆ ಹೀರದಿರಲೆಂದು ಬಡಿಸುವ ಮುನ್ನ ಅದನ್ನು ನೀರಿನಲ್ಲಿ ನೆನೆಸುತ್ತಾರೆ. ಒರಿಬೆ ತಟ್ಟೆಯ ಹಸಿರು ಬಣ್ಣ ತಾಮ್ರದ್ದು. ಚಹಾದ ದಪ್ಪ ಬಟ್ಟಲು ಬಿಸಿಯನ್ನು ಬೇಗ ಬಿಡದು, ಕೈಯನ್ನೂ ಸುಡದು.

ಅಡುಗೆ ಮತ್ತು ಪಾತ್ರೆಯ ಈ ನಂಟನ್ನು ಹಟದಿಂದ ಸಾಧಿಸಿದವರು ಕಿತಾವೊಜಿ ರೊಸಾಂಜಿನ್ (1883-1959). 1925ರಲ್ಲಿ ಟೋಕಿಯೊದಲ್ಲಿ ‘ಹೊಶಿಗಾವೊಕಾ ಸಾರ್ಯೊ’ ಎಂಬ ಊಟದ ಮನೆಯನ್ನು ಆರಂಭಿಸಿದರು. ತಮ್ಮ ಅಡುಗೆಗೆ ಒಪ್ಪುವ ಪಾತ್ರೆಗಳಿಗಾಗಿ ಕಾಮಾಕುರದ ಬಳಿ ಸ್ವಂತ ಆವಿಗೆಯನ್ನೇ ಕಟ್ಟಿಸಿದರು. ಪಾತ್ರೆಯೆಂದರೆ ಅಡುಗೆ ಉಟ್ಟ ಕಿಮೊನೊ ಎಂಬುದು ಅವರ ಮತ. ಬಿರುನುಡಿಯ ಈ ಮನುಷ್ಯ 1936ರಲ್ಲಿ ಆ ಊಟದ ಮನೆಯಿಂದ ಹೊರಬೀಳಬೇಕಾಯಿತು. ಆದರೆ ಕುಂಬಾರಿಕೆ ಬಿಡಲಿಲ್ಲ. 1955ರಲ್ಲಿ ಸರ್ಕಾರ ‘ಜೀವಂತ ರಾಷ್ಟ್ರೀಯ ನಿಧಿ’ ಗೌರವ ನೀಡಲು ಬಂದಾಗ ಒಲ್ಲೆನೆಂದರು. ಉಣ್ಣಲೆಂದು ಅವರು ಮಾಡಿದ ತಟ್ಟೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕುಳಿತಿವೆ.

ಗಾಜಿನ ಹಿಂದಿನ ತಟ್ಟೆಗೆ ಅಪಾಯವಿಲ್ಲ. ಆದರೆ ಕುಂಬಾರಿಕೆ ಉಳಿಯುವುದು ಬಳಕೆಯಿಂದ. ನೋಟೊ ಪರ್ಯಾಯ ದ್ವೀಪದ ಸುಜು ಪಾತ್ರೆಯ ಕಥೆಯನ್ನೇ ನೋಡಿ. 12ನೇ ಶತಮಾನದಲ್ಲಿ ಹುಟ್ಟಿದ ಈ ಕಪ್ಪು ಪಾತ್ರೆ 15ನೇ ಶತಮಾನದ ಕೊನೆಗೆ ಕಣ್ಮರೆಯಾಗಿತ್ತು. ಮತ್ತೆ ಜೀವ ತಳೆದದ್ದು 1970ರ ದಶಕದಲ್ಲಿ. 2024ರ ಜನವರಿ 1ರ ಭೂಕಂಪ ಅಲ್ಲಿನ ಆವಿಗೆಗಳನ್ನು ಕೆಡವಿತು. ಕುಂಬಾರರು ಇಟ್ಟಿಗೆ ಆಯ್ದು ಮತ್ತೆ ಕಟ್ಟತೊಡಗಿದರು.

ಹಾಗೆ ಕಟ್ಟಿದ ಆವಿಗೆಯಲ್ಲಿ ಬೆಂದ ತಟ್ಟೆಯನ್ನು ಕೊಳ್ಳುವವರು ಬೇಕು. ಎಂಟು ಜನ ಕೂರುವ ಅಂಗಡಿಯೊಂದು ಹತ್ತು ತಟ್ಟೆ ಕೊಂಡರೆ ಅದು ಸಣ್ಣ ವ್ಯಾಪಾರವೇ ಸರಿ. ದೂರದ ಊರಿನ ಬೆಂಕಿ ಆರದಿರುವುದು ಇಂಥ ಸಣ್ಣ ವ್ಯಾಪಾರಗಳಿಂದಲೇ.